ಮಿದುಳಿನ ಬಾಗಿಲುಗಳು ಮತ್ತು ಒಂದು ಮಾತ್ರೆ

ನಿಮ್ಮ ಮನೆಯಲ್ಲೋ ನೆರೆಮನೆಯಲ್ಲೋ ಫಿಟ್ಸ್ ಬರುವ ಮಗುವೊಂದು ಇರಬಹುದು. ಅದರ ತಾಯಿಯ ಸಂಕಟ ನಿಮಗೆ ಗೊತ್ತೇ? ಶಿಕ್ಷಕಿಯಾದ ನನ್ನ ಬಳಿ ಇಂತಹ ತಾಯಂದಿರು ಬರುತ್ತಾರೆ. "ಟೀಚರ್, ಯಾರಿಗೂ ಹೇಳಬೇಡಿ, ನಾಳೆ ಇವಳ ಮದುವೆಗೆ ತೊಂದರೆಯಾಗುತ್ತದೆ" ಎನ್ನುತ್ತಾರೆ. ಕೆಲವರು ಜಿನ್ನ್ ಬಾಧೆಯೆಂದು ತಾಯಿತ ಕಟ್ಟಿಸುತ್ತಾರೆ. ಎರಡು ತಿಂಗಳು ಫಿಟ್ಸ್ ಬರದಿದ್ದರೆ ಮಾತ್ರೆ ನಿಲ್ಲಿಸುವವರಿದ್ದಾರೆ. ಅಕ್ಕನ ಮಗನಿಗೆ ಗುಣವಾಯಿತೆಂದು ಅವನ ಮಾತ್ರೆಯನ್ನೇ ತಮ್ಮ ಮಗುವಿಗೂ ಕೊಡುವವರಿದ್ದಾರೆ.

ನಾನು ಮದ್ರಸದಲ್ಲಿ ಕಲಿತು ಬಳಿಕ ಬಿ.ಎ. ಮಾಡಿದವಳು. ವಿಜ್ಞಾನ ನನ್ನ ವಿಷಯವಲ್ಲ. ಆದರೂ ಈ ತಾಯಂದಿರ ಪ್ರಶ್ನೆಗಳೇ ನನ್ನನ್ನು ವಿಲಿಯಂ ಕ್ಯಾಟರಾಲ್ ಎಂಬ ಅಮೆರಿಕದ ವಿಜ್ಞಾನಿಯ ಕುರಿತು ಓದುವಂತೆ ಮಾಡಿದವು.

ನಮ್ಮ ಮಿದುಳಿನ ಪ್ರತಿ ನರಕೋಶದ ಪೊರೆಯಲ್ಲಿ ಅತಿ ಸಣ್ಣ ಬಾಗಿಲುಗಳಿವೆ. ಅವೇ ಅಯಾನ್ ಚಾನೆಲ್‌ಗಳು. ಬಾಗಿಲು ತೆರೆದಾಗ ಸೋಡಿಯಂ ಕಣಗಳು ಒಳನುಗ್ಗುತ್ತವೆ, ಕಣ್ಣು ಮಿಟುಕಿಸುವುದಕ್ಕಿಂತಲೂ ಬೇಗನೆ ಬಾಗಿಲು ಮುಚ್ಚುತ್ತದೆ. ಹೀಗೆ ವಿದ್ಯುತ್ ಸಂದೇಶ ಹರಿಯುತ್ತದೆ. ಅನೇಕ ನರಕೋಶಗಳು ಒಮ್ಮೆಲೇ ಅಂಕೆ ತಪ್ಪಿ ಸಂದೇಶ ಕಳಿಸಿದರೆ ಅದೇ ಫಿಟ್ಸ್.

ಈ ಬಾಗಿಲು ಯಾವುದರಿಂದ ಆಗಿದೆ? ಕ್ಯಾಟರಾಲ್ ಅದನ್ನು ಹುಡುಕಿದ್ದು ಚೇಳಿನ ವಿಷದ ನೆರವಿನಿಂದ! ಆ ವಿಷ ಸೋಡಿಯಂ ಚಾನೆಲ್‌ಗೆ ಅಂಟಿಕೊಳ್ಳುತ್ತದೆ. ಅದನ್ನೇ ಗುರುತಾಗಿ ಬಳಸಿ 1980ರಲ್ಲಿ ಆ ಚಾನೆಲ್‌ನ ಪ್ರೊಟೀನನ್ನು ಪತ್ತೆಹಚ್ಚಿದರು. 1977ರಲ್ಲಿ ಸಿಯಾಟಲ್‌ನ ವಾಷಿಂಗ್ಟನ್ ವಿಶ್ವವಿದ್ಯಾನಿಲಯ ಸೇರಿದ ಅವರು 2024ರಲ್ಲಿ ನಿಧನರಾಗುವವರೆಗೂ ಈ ಬಾಗಿಲುಗಳ ಬೆನ್ನು ಬಿಡಲಿಲ್ಲ. 2011ರಲ್ಲಿ ಅವರ ತಂಡ ಬ್ಯಾಕ್ಟೀರಿಯಾವೊಂದರ ಸೋಡಿಯಂ ಚಾನೆಲ್‌ನ ರಚನೆಯನ್ನೇ ಕಣ್ಣಿಗೆ ಕಾಣುವಂತೆ ತೋರಿಸಿತು.

ಫೆನಿಟಾಯಿನ್ ಎಂಬ ಮಾತ್ರೆ ಫಿಟ್ಸ್ ತಡೆಯುತ್ತದೆಂದು 1938ರಲ್ಲೇ ತಿಳಿದಿತ್ತು. ಹೇಗೆಂದು ಗೊತ್ತಾದದ್ದು ಬಹಳ ನಂತರ: ಅದು ಸೋಡಿಯಂ ಚಾನೆಲ್‌ಗಳ ಅತಿಯಾದ ಓಟಕ್ಕೆ ಕಡಿವಾಣ ಹಾಕುತ್ತದೆ.

ಹಾಗಾದರೆ ಎಲ್ಲರಿಗೂ ಅದೇ ಮಾತ್ರೆ ಸಾಕಲ್ಲವೇ? ಇಲ್ಲ. ಹುಟ್ಟಿದ ಮೊದಲ ವರ್ಷದಲ್ಲೇ, ಹೆಚ್ಚಾಗಿ ಜ್ವರದೊಂದಿಗೆ ಆರಂಭವಾಗುವ ಡ್ರಾವೆ ಎಂಬ ಅಪರೂಪದ ಫಿಟ್ಸ್ ಇದೆ. ಹೆಚ್ಚಿನವರಲ್ಲಿ ಇದಕ್ಕೆ ಕಾರಣ ಒಂದು ಸೋಡಿಯಂ ಚಾನೆಲ್‌ನ ಜೀನ್‌ನಲ್ಲಿರುವ ದೋಷ. 2006ರಲ್ಲಿ ಕ್ಯಾಟರಾಲ್ ತಂಡ ಇಲಿಗಳಲ್ಲಿ ಕಂಡದ್ದೇನೆಂದರೆ, ಆ ದೋಷದಿಂದ ಸೊರಗುವುದು ಮಿದುಳಿಗೆ ಬ್ರೇಕ್ ಹಾಕುವ ನರಕೋಶಗಳು. ಅಂತಹ ಮಗುವಿಗೆ ಸೋಡಿಯಂ ಚಾನೆಲ್ ತಡೆಯುವ ಮಾತ್ರೆ ಕೊಟ್ಟರೆ ಇದ್ದ ಬ್ರೇಕೂ ದುರ್ಬಲವಾಗಿ ಫಿಟ್ಸ್ ಹೆಚ್ಚಬಹುದು. ಒಬ್ಬರಿಗೆ ಆಸರೆಯಾದದ್ದು ಇನ್ನೊಬ್ಬರಿಗೆ ಅಪಾಯ!

ಆದ್ದರಿಂದ ಸಹೋದರಿಯರೇ, ಒಬ್ಬರ ಮಾತ್ರೆ ಮತ್ತೊಬ್ಬರಿಗೆ ಕೊಡಬೇಡಿ. ವೈದ್ಯರು ಹೇಳದೆ ಔಷಧ ನಿಲ್ಲಿಸಬೇಡಿ. ಥಟ್ಟನೆ ನಿಲ್ಲಿಸಿದರೆ ಫಿಟ್ಸ್ ಮತ್ತಷ್ಟು ಜೋರಾಗಿ ಮರುಕಳಿಸಬಹುದು. ಮಗುವಿಗೆ ಫಿಟ್ಸ್ ಬಂದಾಗ ಕೈಗೆ ಕಬ್ಬಿಣ ಕೊಡಬೇಡಿ, ಬಾಯಿಗೆ ಏನನ್ನೂ ತುರುಕಬೇಡಿ. ಪಕ್ಕಕ್ಕೆ ಮಗ್ಗುಲಾಗಿ ಮಲಗಿಸಿ. ಐದು ನಿಮಿಷ ಕಳೆದರೂ ನಿಲ್ಲದಿದ್ದರೆ ತಕ್ಷಣ ಆಸ್ಪತ್ರೆಗೆ ಒಯ್ಯಿರಿ.

ಇದು ಯಾರ ಶಾಪವೂ ಅಲ್ಲ, ಮನೆತನಕ್ಕೆ ಕಳಂಕವೂ ಅಲ್ಲ. ಕಣ್ಣಿಗೆ ಕಾಣದ ಒಂದು ಬಾಗಿಲಿನ ದೋಷಕ್ಕಾಗಿ ಹೆಣ್ಣುಮಗುವೊಂದರ ಮುಂದೆ ಬದುಕಿನ ಬಾಗಿಲನ್ನೇ ಮುಚ್ಚುವುದು ನ್ಯಾಯವೇ? ನೀವೇ ಹೇಳಿ.