ಗುಬ್ಬಿಯೋದ ಒಂದು ಬೆರಳಷ್ಟು ಮಣ್ಣು

ಇಟಲಿಯಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಐದನೇ ಕ್ಲಾಸಿನ ಮೊಮ್ಮಗ, "ಅಜ್ಜ, ಡೈನೋಸಾರ್ ಯಾಕೆ ಸತ್ತವು ಅಂತ ಹೇಳೋ ಕಲ್ಲಿದೆ, ನೋಡೋಣ ಬಾ" ಎಂದು ಗುಬ್ಬಿಯೋಗೆ ಹೊರಡಿಸಿದ. ಹೆಸರು ಕೇಳಿ ನನಗೆ ನಮ್ಮ ತುಮಕೂರಿನ ಗುಬ್ಬಿಯೇ ನೆನಪಾಯಿತು! ಇದು ಗುಡ್ಡದ ಮಗ್ಗುಲಲ್ಲಿರುವ ಹಳೆಯ ಊರು. ಊರಾಚೆಯ ಬೊಟ್ಟಚ್ಚೋನೆ ಕಣಿವೆಯ ರಸ್ತೆಯಲ್ಲಿ ನನ್ನ ಮೊಣಕಾಲು ಒಪ್ಪಿದಷ್ಟು ನಿಧಾನವಾಗಿ ನಡೆದೆವು.

ರಸ್ತೆ ಪಕ್ಕದಲ್ಲೇ ನಸುಗೆಂಪು ಸುಣ್ಣಕಲ್ಲಿನ ಪದರಗಳು, ಓರೆಯಾಗಿ ಜೋಡಿಸಿಟ್ಟ ಲೆಡ್ಜರುಗಳ ಹಾಗೆ. ಒಂದು ಕಾಲಕ್ಕೆ ಇದು ಸಮುದ್ರದ ತಳ. ಸಾಸಿವೆಗಿಂತ ಸಣ್ಣ ಜೀವಿಗಳ ಚಿಪ್ಪು ಬಿದ್ದು ಬಿದ್ದು ಕಲ್ಲಾಗಿದೆ. ನಡುವೆ ಒಂದು ಸಂದು. ಅದರಲ್ಲಿ ಸುಮಾರು 1 ಸೆಂಟಿಮೀಟರ್ ದಪ್ಪದ ಜೇಡಿಮಣ್ಣು, ವಯಸ್ಸು 6.6 ಕೋಟಿ ವರ್ಷ. ಡೈನೋಸಾರ್‌ಗಳು ಅಳಿದದ್ದೂ ಆಗಲೇ.

1970ರ ದಶಕದಲ್ಲಿ ಅಮೆರಿಕದ ಭೂವಿಜ್ಞಾನಿ ವಾಲ್ಟರ್ ಅಲ್ವಾರೆಜ್ ಇದರ ತುಂಡೊಂದನ್ನು ತಂದೆ ಲೂಯಿಸ್ ಅವರಿಗೆ ತೋರಿಸಿದರು. ತಂದೆ ನೊಬೆಲ್ ಪಡೆದ ಭೌತವಿಜ್ಞಾನಿ. ಈ ಜೇಡಿ ಕೂಡಲು ಎಷ್ಟು ವರ್ಷ ಹಿಡಿಯಿತು? ಇರಿಡಿಯಮ್ ಅಳೆದು ನೋಡೋಣ ಎಂದರು ತಂದೆ. ಈ ಲೋಹ ನೆಲದಲ್ಲಿ ಬಲು ಅಪರೂಪ. ಆಕಾಶದಿಂದ ಒಂದೇ ಸಮನೆ ಉದುರುವ ಉಲ್ಕೆಯ ದೂಳಿನಲ್ಲಿ ಹೆಚ್ಚು. ಫ್ರಾಂಕ್ ಅಸಾರೊ, ಹೆಲೆನ್ ಮೈಕೆಲ್ ಎಂಬ ರಸಾಯನವಿಜ್ಞಾನಿಗಳು ಸುಣ್ಣವನ್ನು ಆಮ್ಲದಲ್ಲಿ ಕರಗಿಸಿ, ಉಳಿದ ಮಣ್ಣನ್ನು ಪರೀಕ್ಷಿಸಿದರು.

ಮಕ್ಕಳೇ, ನಾನು ಓದಿದ್ದು ಬಿ.ಕಾಂ., ಮಾಡಿದ್ದು ಬ್ಯಾಂಕ್ ಗುಮಾಸ್ತಿಕೆ. ನನಗೆ ತಿಳಿದ ಲೆಕ್ಕದಲ್ಲಿ ಹೇಳುತ್ತೇನೆ. ನೂರು ಕೋಟಿ ರೂಪಾಯಿಯಲ್ಲಿ 30 ಪೈಸೆ: ಅಕ್ಕಪಕ್ಕದ ಪದರಗಳಲ್ಲಿ ಇರಿಡಿಯಮ್ ಇದ್ದದ್ದು ಅಷ್ಟೇ. ಈ ಜೇಡಿಯಲ್ಲಿ ಅದು 9 ರೂಪಾಯಿ! ನಮ್ಮ ಕಾಲದಲ್ಲಿ ಸಂಜೆ ಟ್ಯಾಲಿಯಲ್ಲಿ 30 ಪೈಸೆ ವ್ಯತ್ಯಾಸ ಬಂದರೂ ಅದು ಸಿಗುವವರೆಗೆ ಮನೆಯಿಲ್ಲ. ಅವರೂ ಬಿಡಲಿಲ್ಲ. ಡೆನ್ಮಾರ್ಕ್, ನ್ಯೂಜಿಲೆಂಡ್‌ಗಳಲ್ಲಿ ಅದೇ ಕಾಲದ ಪದರ ಹುಡುಕಿದರು. ಅಲ್ಲಿಯೂ ಇರಿಡಿಯಮ್ ಏರಿತ್ತು. 1980ರಲ್ಲಿ ಲೋಕಕ್ಕೆ ಹೇಳಿದರು: ಸುಮಾರು 10 ಕಿ.ಮೀ. ಅಗಲದ ಕ್ಷುದ್ರಗ್ರಹ ಭೂಮಿಗೆ ಬಡಿದಿದೆ. ದೂಳು ಬಿಸಿಲನ್ನು ಮುಚ್ಚಿ ಗಿಡಗಳು ಸತ್ತವು. ಅವನ್ನು ನಂಬಿದ ಪ್ರಾಣಿಗಳೂ ಸತ್ತವು.

ಹಾಗಾದರೆ ಗುಂಡಿ ಎಲ್ಲಿ ಎಂದು ಹಲವರು ಕೇಳಿದರು. ಮೆಕ್ಸಿಕೋದ ಚಿಕ್ಸುಲೂಬ್‌ನಲ್ಲಿ ಹೂತುಹೋಗಿರುವ, ಸುಮಾರು 180 ಕಿ.ಮೀ. ಅಗಲದ ಗುಂಡಿಯೇ ಅದೆಂದು ವಿಜ್ಞಾನಿಗಳು ಬರೆದದ್ದು 1991ರಲ್ಲಿ. ತಂದೆ 1988ರಲ್ಲೇ ತೀರಿಕೊಂಡಿದ್ದರು. ಆ ಸುದ್ದಿ ಮಗನೊಬ್ಬನೇ ಓದಬೇಕಾಯಿತು.

ಮೊಮ್ಮಗ ಸಂದಿಗೆ ಬೆರಳು ಹಾಕಿ ಕೆರೆಯಲು ಹೊರಟ. ಬಂದವರು ಕೆರೆದು ಕೆರೆದೇ ಅದು ಅಷ್ಟು ಆಳವಾಗಿದೆ. "ಬೇಡ ಪುಟ್ಟಾ" ಎಂದೆ. ಉಗುರಿಗೆ ಅಂಟಿದ್ದು ಹೋಗಬಾರದೆಂದು ರಾತ್ರಿ ಕೈ ತೊಳೆಯದೆ ಊಟಕ್ಕೆ ಕೂತ. ಮಗಳು ಬೈದದ್ದು ನನಗೆ.