ತನ್ನ ರಕ್ತವೇ ತನಗೆ ಮದ್ದು
ಭದ್ರಾವತಿಯ ಉಕ್ಕಿನ ಕಾರ್ಖಾನೆಯಿಂದ ನಿವೃತ್ತರಾದ ಹಿರಿಯರೊಬ್ಬರ ಕಾಲಿನ ಹುಣ್ಣು ಮೂರು ತಿಂಗಳಾದರೂ ಮಾಯಲಿಲ್ಲ. ಸಕ್ಕರೆ ಕಾಯಿಲೆ ಬೇರೆ. ಬೆರಳೇ ಹೋದೀತೆಂಬ ಭಯ. ಶಿವಮೊಗ್ಗದ ವೈದ್ಯರು ಅವರದೇ ರಕ್ತ ತೆಗೆದು, ಯಂತ್ರದಲ್ಲಿ ಗಿರ್ರನೆ ತಿರುಗಿಸಿ, ಪ್ಲೇಟ್‌ಲೆಟ್ ತುಂಬಿದ ಭಾಗವನ್ನು ಹುಣ್ಣಿಗೆ ಹಚ್ಚಿದರು.

"ಪ್ಲೇಟ್‌ಲೆಟ್ ಕೆಲಸ ರಕ್ತ ಹೆಪ್ಪುಗಟ್ಟಿಸೋದಲ್ವಾ?" ಎಂದಳು ಹೈಸ್ಕೂಲು ಓದುವ ಮೊಮ್ಮಗಳು.

1882ರಲ್ಲಿ ಇಟಲಿಯ ಬಿಜೋಜೆರೊ ಕಂಡದ್ದೂ ಅದನ್ನೇ. ಆದರೆ ಪ್ಲೇಟ್‌ಲೆಟ್‌ಗಳು ಅಂಗಾಂಶ ಬೆಳೆಸುವ ಪ್ರೋಟೀನ್‌ಗಳನ್ನೂ ಸೂಸುತ್ತವೆ. ಗಾಯದಲ್ಲಿ ರೋಗಾಣು ನುಂಗುವ ಮ್ಯಾಕ್ರೋಫೇಜ್ ಕಣಗಳು ಸಕ್ಕರೆ ಕಾಯಿಲೆಯಲ್ಲಿ ಕಾದಾಟ ಬಿಡುವುದೇ ಇಲ್ಲ, ಉರಿಯೂತ ಆರದು. ಅವನ್ನು ದುರಸ್ತಿಯತ್ತ ತಿರುಗಿಸಲು ಈ ಪ್ರೋಟೀನ್‌ಗಳು ನೆರವಾಗುತ್ತವೆಂದು ಪ್ರಯೋಗಾಲಯದ ಅಧ್ಯಯನಗಳು ತೋರಿಸಿವೆ.

ಬೆರಳು ಉಳಿಯಿತು. ಸಕ್ಕರೆ ಹತೋಟಿಯಲ್ಲಿಲ್ಲದಿದ್ದರೆ ಇದೂ ಫಲಿಸದೆಂದು ವೈದ್ಯರು ಹೇಳಿದ್ದರು. ಅಜ್ಜನ ಕಾಫಿಯ ಮೇಲೆ ಈಗ ಮೊಮ್ಮಗಳದೇ ಕಾವಲು.