ಅತಿಥಿಯ ತೊಟ್ಟಿಲು

ಬರುವ ತಿಥಿಯನ್ನು ತಿಳಿಸದೆ ಬರುವವನು ಅತಿಥಿ ಎಂದು ಹಿರಿಯರು ಆ ಶಬ್ದಕ್ಕೆ ವ್ಯುತ್ಪತ್ತಿಯನ್ನು ಹೇಳುತ್ತಾರೆ. ಈಗಿನ ಗೃಹಸ್ಥನ ಮನೆಗೆ ಅಂತಹ ಅತಿಥಿಗಳು ಬರುವುದು ಅಪರೂಪ. ನೆಂಟರಿಷ್ಟರು ದಿನವನ್ನೂ ಹೊತ್ತನ್ನೂ ಮೊದಲೇ ಫೋನಿನಲ್ಲಿ ಗೊತ್ತುಮಾಡಿಕೊಂಡು ಬರುತ್ತಾರೆ. ಒಬ್ಬ ಅತಿಥಿಯು ಮಾತ್ರ ಹಳೆಯ ಸಂಪ್ರದಾಯವನ್ನು ಇನ್ನೂ ಬಿಟ್ಟಿಲ್ಲ. ವೈದ್ಯರು ಲೆಕ್ಕ ಹಾಕಿ ಇಂತಹ ದಿನವೆಂದು ಬರೆದುಕೊಟ್ಟರೂ, ಆತನು ಆ ದಿನಕ್ಕಿಂತ ಮೊದಲೇ ಬಂದಾನು, ಅದು ಕಳೆದ ಮೇಲೆಯೂ ಬಂದಾನು. ಬಂದವನು ಎರಡು ಹೊತ್ತು ಉಂಡು ಹೊರಡುವವನೂ ಅಲ್ಲ. ಮನೆಯ ಯಜಮಾನಿಕೆಯನ್ನೇ ವಹಿಸಿಕೊಳ್ಳತಕ್ಕವನು. ಇಂತಹವನ ಸತ್ಕಾರಕ್ಕೆ ಏನನ್ನು ಸಿದ್ಧಪಡಿಸಬೇಕು, ಯಾವಾಗ ಸಿದ್ಧಪಡಿಸಬೇಕು ಎಂಬ ಎರಡು ಪ್ರಶ್ನೆಗಳು ಪ್ರತಿಯೊಂದು ಮನೆಯಲ್ಲಿಯೂ ಏಳುತ್ತವೆ. ಮೊದಲನೆಯದಕ್ಕೆ ಅಂಗಡಿಯವನು ಉತ್ತರ ಹೇಳುತ್ತಾನೆ. ಎರಡನೆಯದಕ್ಕೆ ಉತ್ತರವು ಆಯಾ ಮನೆಯ ಹೆಂಗಸರ ಮನಸ್ಸಿನಲ್ಲಿರುತ್ತದೆ. ಅದನ್ನು ಕೇಳಿ ತಿಳಿಯುವವರು ಕಡಿಮೆ.

ಧಾರವಾಡದ ಮಾಳಮಡ್ಡಿಯ ಒಂದು ಮನೆಯಲ್ಲಿ ೨೦೨೩ನೆಯ ಇಸವಿಯ ಮಳೆಗಾಲದಲ್ಲಿ ಈ ಎರಡು ಪ್ರಶ್ನೆಗಳೂ ಒಟ್ಟಿಗೆ ಎದ್ದವು. ಮನೆಯ ಯಜಮಾನರು ಅಂಚೆಯ ಇಲಾಖೆಯಲ್ಲಿ ದುಡಿದು ನಿವೃತ್ತರಾದವರು. ಒಬ್ಬಳೇ ಮಗಳು; ಬೆಂಗಳೂರಿನಲ್ಲಿ ಗಂಡನೊಡನೆ ಇರುವವಳು. ಏಳನೆಯ ತಿಂಗಳಲ್ಲಿ ಚೊಚ್ಚಲ ಹೆರಿಗೆಗೆಂದು ತವರಿಗೆ ಬಂದಳು. ಆಕೆಯ ಹಿಂದೆಯೇ ಎರಡು ದೊಡ್ಡ ಪೆಟ್ಟಿಗೆಗಳು ಬಂದವು. ಒಂದರಲ್ಲಿ ಕೂಸನ್ನು ಮಲಗಿಸಿ ತಳ್ಳುವ ಗಾಡಿ; ಇನ್ನೊಂದರಲ್ಲಿ ಮೋಟಾರಿನಲ್ಲಿ ಕೂಸನ್ನು ಕಟ್ಟಿ ಕೂರಿಸುವ ಪೀಠ. ಅಳಿಯನು ಎಂಜಿನಿಯರು. ಪೇಟೆಯಲ್ಲಿ ದೊರೆಯುವ ಗಾಡಿಗಳ ತೂಕ, ಗಾಲಿಗಳ ಅಳತೆ, ಬ್ರೇಕಿನ ಬಗೆ, ಬೆಲೆ, ಎಲ್ಲವನ್ನೂ ಕೋಷ್ಟಕವಾಗಿ ಬರೆದು ತಿಂಗಳುಗಟ್ಟಲೆ ವಿಚಾರಮಾಡಿ ಆರಿಸಿದ್ದನು.

ಮನೆಯಾಕೆಯು ಪೆಟ್ಟಿಗೆಗಳನ್ನು ನೋಡಿದಳು, ಮುಟ್ಟಲಿಲ್ಲ. "ಕೂಸು ಬರೂಕಿಂತ ಮೊದಲ ಇವನ್ನ ಬಿಚ್ಚಬಾರದವ್ವಾ" ಎಂದು ಮಗಳಿಗೆ ಅಷ್ಟೇ ಹೇಳಿ ಒಳಗೆ ಹೋದಳು. ಪೆಟ್ಟಿಗೆಗಳು ಪಡಸಾಲೆಯ ಮೂಲೆಯಲ್ಲಿ, ಹಳೆಯ ಜಮಖಾನೆಯ ಮರೆಯಲ್ಲಿ ಉಳಿದವು. ಮಗಳಿಗೆ ಬೇಸರವಾಯಿತು. ಇಷ್ಟು ಓದಿದ ತಾಯಿಯು ಇಂತಹ ಮೂಢನಂಬಿಕೆಗೆ ಜೋತುಬಿದ್ದಳಲ್ಲಾ ಎಂದು ಗಂಡನೊಡನೆ ಆಡಿಕೊಂಡಳು.

ಅಳಿಯನ ಆಯ್ಕೆಯೇನೂ ಕೆಟ್ಟುದಾಗಿರಲಿಲ್ಲ. ಕೂಸಿನ ಗಾಡಿಯು ಹುಟ್ಟಿದ್ದು ಸಿರಿವಂತರ ವಿನೋದವಾಗಿ. ೧೭೩೩ರಲ್ಲಿ ವಿಲಿಯಂ ಕೆಂಟ್ ಎಂಬ ಆಂಗ್ಲ ಶಿಲ್ಪಿಯು ಡೆವನ್‌ಶೈರಿನ ಡ್ಯೂಕನ ಮಕ್ಕಳಿಗಾಗಿ ಚಿಪ್ಪಿನಾಕಾರದ ಒಂದು ಪುಟ್ಟ ರಥವನ್ನು ಮಾಡಿಕೊಟ್ಟನು. ಅದನ್ನು ಎಳೆಯಲು ಆಡನ್ನೋ ಸಣ್ಣ ಕುದುರೆಯನ್ನೋ ಕಟ್ಟುತ್ತಿದ್ದರು. ಮುಂದೆ ಅದು ತಾಯಂದಿರೂ ದಾದಿಯರೂ ತಳ್ಳುವ ಗಾಡಿಯಾಯಿತು. ಯುದ್ಧಕಾಲದ ಸ್ಪಿಟ್‌ಫೈರ್ ವಿಮಾನವು ನೆಲಕ್ಕಿಳಿಯುವಾಗ ಚಾಚುವ ಗಾಲಿಗಳ ರಚನೆಯಲ್ಲಿ ಕೆಲಸಮಾಡಿದ್ದ ಓವನ್ ಮ್ಯಾಕ್ಲಾರೆನ್ ಎಂಬಾತನು, ಮೊಮ್ಮಗುವಿನ ಭಾರದ ಗಾಡಿಯೊಡನೆ ಮಗಳು ಪಡುತ್ತಿದ್ದ ಪಾಡನ್ನು ಕಂಡು, ೧೯೬೫ರಲ್ಲಿ ಕೊಡೆಯಂತೆ ಮಡಿಚುವ ಅಲ್ಯುಮಿನಿಯಮಿನ ಗಾಡಿಯನ್ನು ಕಲ್ಪಿಸಿದನು. ಅದರ ತೂಕ ಮೂರು ಕಿಲೋಗ್ರಾಮಿಗೂ ಕಡಿಮೆ. ವಿಮಾನದ ಗಾಲಿಯನ್ನು ಮಡಿಚಿದ ಕೈಯೇ ಕೂಸಿನ ಗಾಡಿಯನ್ನೂ ಮಡಿಚಿತೆಂಬುದು ಚಿಂತಿಸತಕ್ಕ ಸಂಗತಿ.

ಆದರೆ ಕೊಡೆಯಂತಹ ಹಗುರವಾದ ಗಾಡಿಯು ಎಳೆಗೂಸಿಗೆ ಹೊಂದುವುದಿಲ್ಲ. ಕತ್ತು ನಿಲ್ಲದ ಕೂಸನ್ನು ಕುಳ್ಳಿರಿಸಿದರೆ ತಲೆಯು ಮುಂದಕ್ಕೆ ವಾಲಿ ಉಸಿರಾಟಕ್ಕೆ ಅಡ್ಡಿಯಾದೀತು. ಅದಕ್ಕೆ ಬೆನ್ನು ಚಪ್ಪಟೆಯಾಗಿ ಮಲಗುವ ಹಾಸು ಬೇಕು. ಇನ್ನು ಮಾಳಮಡ್ಡಿಯ ಓಣಿಗಳೋ, ಏರು ಇಳುಕಲುಗಳು, ಮಳೆಗಾಲದ ಕೆಂಪು ರಾಡಿ, ಅಗೆದು ಮುಚ್ಚಿದ ಚರಂಡಿ! ನುಣುಪಾದ ಕಾಲುದಾರಿಯನ್ನು ನೆನೆದು ಮಾಡಿದ ಸಣ್ಣ ಗಾಲಿಗಳು ಇಲ್ಲಿ ಮೊದಲನೆಯ ಗುಂಡಿಯಲ್ಲಿಯೇ ನಿಲ್ಲುವುವು. ದೊಡ್ಡ ಗಾಲಿಯ ಗಾಡಿಯು ರಾಡಿಯನ್ನು ದಾಟೀತು. ಎತ್ತಿ ಮೆಟ್ಟಲೇರಿಸುವವಳ ಸೊಂಟವು ಮುರಿದೀತು. ಇಳುಕಲಿನಲ್ಲಿ ಎರಡೂ ಹಿಂಗಾಲಿಗಳನ್ನು ಒಮ್ಮೆಗೇ ಹಿಡಿಯುವ ಬ್ರೇಕು ಬೇಕು. ಭುಜ, ಸೊಂಟ, ತೊಡೆಗಳ ನಡುವೆ ಬಿಗಿಯುವ ಐದು ತುದಿಯ ಪಟ್ಟಿ ಬೇಕು. ಕಾಯಿಪಲ್ಯದ ಚೀಲವನ್ನು ಹಿಡಿಕೆಗೆ ತೂಗುಹಾಕಿದರೆ ಗಾಡಿಯೇ ಹಿಂದಕ್ಕೆ ಮಗುಚುವುದೆಂಬ ಎಚ್ಚರವೂ ಬೇಕು. ಅಳಿಯನು ಇವನ್ನೆಲ್ಲ ತೂಗಿನೋಡಿ, ನಡುವಣ ಅಳತೆಯ ಗಾಲಿಯೂ ಮಲಗುವ ಹಾಸೂ ಉಳ್ಳ ಗಾಡಿಯನ್ನು ತರಿಸಿದ್ದನು. ಮಕ್ಕಳು ಕುಳಿತು ಕಾಲಿನಿಂದ ಓಡಿಸುವ ವಾಕರನ್ನು ಅವನು ತರಿಸಲೇ ಇಲ್ಲ. ಮೆಟ್ಟಲುಗಳಿಂದ ಉರುಳಿ ಪೆಟ್ಟಾಗುವುದೆಂದು ಕೆನಡಾ ದೇಶವು ೨೦೦೪ರಲ್ಲಿಯೇ ಅದರ ಮಾರಾಟವನ್ನು ನಿಷೇಧಿಸಿದೆ.

ಸಾಮಾನನ್ನು ಮೊದಲೇ ಸಿದ್ಧಪಡಿಸಬಾರದೆಂಬುದು ಶಾಸ್ತ್ರವೇ ಎಂದು ಮಗಳು ಒಂದು ದಿನ ತಂದೆಯನ್ನು ಕೇಳಿದಳು. ಯಜಮಾನರ ತಂದೆಯು ವೈದ್ಯರಾಗಿದ್ದುದರಿಂದ ಕಪಾಟಿನಲ್ಲಿ ಚರಕಸಂಹಿತೆಯು ಉಳಿದಿತ್ತು. ಶಾರೀರಸ್ಥಾನದ ಎಂಟನೆಯ ಅಧ್ಯಾಯವನ್ನು ತೆಗೆದು ನೋಡಿದರು. ಒಂಬತ್ತನೆಯ ತಿಂಗಳಿಗೆ ಮೊದಲೇ ಸೂತಿಕಾಗೃಹವನ್ನು ಕಟ್ಟಿಸಿ, ಬೇಕಾದ ಸಾಮಗ್ರಿಯನ್ನು ಅಲ್ಲಿ ಕೂಡಿಸಿಡಬೇಕೆಂದು ಆಚಾರ್ಯನ ವಿಧಿ. ಮಗುವಿನ ಹಾಸಿಗೆ ಹೊದಿಕೆಗಳು ಮೃದುವಾಗಿ, ಹಗುರಾಗಿ, ಶುಚಿಯಾಗಿ ಇರಬೇಕು. ಹೊಸವು ದೊರೆಯದಿದ್ದರೆ ಇದ್ದವನ್ನೇ ಚೆನ್ನಾಗಿ ಒಗೆದು, ಧೂಪಹಾಕಿ, ಒಣಗಿಸಿ ಬಳಸಬಹುದು. ಆಟಿಕೆಗಳ ವಿಷಯದಲ್ಲಂತೂ ಆಚಾರ್ಯನ ಮಾತು ಇಂದಿನ ಸರ್ಕಾರದ ನಿಯಮಾವಳಿಯಂತಿದೆ. ಅವು ಬಣ್ಣಬಣ್ಣವಾಗಿರಲಿ, ಸದ್ದು ಮಾಡಲಿ, ಚೆಲುವಾಗಿರಲಿ. ಭಾರವಾಗಿರಬಾರದು, ಚೂಪು ತುದಿ ಇರಬಾರದು, ಬಾಯೊಳಗೆ ಹೋಗುವಂತಿರಬಾರದು, ಪ್ರಾಣಕ್ಕೆ ಎರವಾಗಬಾರದು, ಅಂಜಿಸುವಂತಿರಬಾರದು. ಆಲೆಮರವನ್ನು ಕಡೆದು ಅರಗಿನ ಬಣ್ಣವೇರಿಸಿದ ಚನ್ನಪಟ್ಟಣದ ಗಿಲಕಿಯು ಇಷ್ಟು ಪರೀಕ್ಷೆಗಳಲ್ಲಿಯೂ ತೇರ್ಗಡೆಯಾಗುವಂತಹುದು.

"ನೋಡ್ರಿ, ಚರಕನೇ ಮೊದಲ ತಯಾರ ಇಡ್ರಿ ಅಂತಾನ" ಎಂದು ಮಗಳು ಗೆದ್ದವಳಂತೆ ನಕ್ಕಳು. ಯಜಮಾನರು ಮಾತ್ರ ನಗಲಿಲ್ಲ. "ಚರಕ ಹೇಳತಾನವಾ. ಆದರ ನಿಮ್ಮವ್ವನ ಮುಂದ ಈ ಪುಸ್ತಕಾ ತರಬ್ಯಾಡ" ಎಂದು ಗ್ರಂಥವನ್ನು ಮತ್ತೆ ಕಪಾಟಿನಲ್ಲಿಟ್ಟರು.

ಶ್ರಾವಣದ ಒಂದು ಜಡಿಮಳೆಯಲ್ಲಿ ಹಂಚು ಸರಿದು ಅಟ್ಟದಲ್ಲಿ ಸೋರತೊಡಗಿತು. ಆ ವಾರ ಊರಿಗೆ ಬಂದಿದ್ದ ಅಳಿಯನು ನೀರಿಗೆ ಪಾತ್ರೆಯನ್ನಿಡಲು ಏಣಿ ಹಾಕಿ ಅಟ್ಟವನ್ನೇರಿದನು. ಅಲ್ಲಿ, ಗೋಣಿತಟ್ಟಿನ ಕೆಳಗೆ, ಒಂದು ತೊಟ್ಟಿಲು ಇತ್ತು. ತೇಗದ ಮರ, ಕೆಂಪು, ಹಸುರು, ಹಳದಿಯ ಅರಗಿನ ಬಣ್ಣ, ಪಕ್ಕದ ಹಲಗೆಗಳ ಮೇಲೆ ಬಾಲಕೃಷ್ಣನ ಲೀಲೆಗಳು. ಹುಬ್ಬಳ್ಳಿಯಿಂದ ಕಾರವಾರದತ್ತ ಹೋಗುವ ಹಾದಿಯಲ್ಲಿರುವ ಕಲಘಟಗಿಯ ಚಿತ್ರಗಾರರ ಕೈಕೆಲಸವೆಂದು ನೋಡಿದೊಡನೆ ತಿಳಿಯುತ್ತಿತ್ತು. ಅವನು ಸಂತೋಷದಿಂದ ಅದನ್ನು ಕೆಳಗಿಳಿಸಿ ಪಡಸಾಲೆಯಲ್ಲಿಟ್ಟು, "ಅತ್ತೆ, ಇಷ್ಟು ಚೆಂದದ ತೊಟ್ಟಿಲು ಮನೆಯಲ್ಲೇ ಇತ್ತಲ್ಲ!" ಎಂದು ಕೂಗಿ ಕರೆದನು.

ಮನೆಯಾಕೆಯು ಅಡಿಗೆಮನೆಯ ಬಾಗಿಲಿಗೆ ಬಂದು ನಿಂತಳು. ತೊಟ್ಟಿಲನ್ನು ನೋಡಿದಳು. ಕೈಯಲ್ಲಿದ್ದ ಸೌಟನ್ನು ಹಿಡಿದುಕೊಂಡೇ ಹಿತ್ತಲಿಗೆ ನಡೆದಳು. ಆ ಹೊತ್ತಿನ ಅಡಿಗೆಯನ್ನು ಮಗಳೇ ಮುಗಿಸಬೇಕಾಯಿತು.

ರಾತ್ರಿ ಯಜಮಾನರು ಮಗಳನ್ನೂ ಅಳಿಯನನ್ನೂ ಕೂರಿಸಿಕೊಂಡು ಹೇಳಿದರು. ೧೯೮೪ರಲ್ಲಿ ಆಕೆಗೆ ಚೊಚ್ಚಲ ಬಸಿರು. ತವರಿನವರು ಅಭಿಮಾನದಿಂದ ಕಲಘಟಗಿಯಲ್ಲಿ ಹೇಳಿ ಮಾಡಿಸಿ, ಎಂಟನೆಯ ತಿಂಗಳಿನಲ್ಲಿಯೇ ತೊಟ್ಟಿಲನ್ನು ತಂದಿರಿಸಿದ್ದರು. ಆಕೆಯು ದಿನಕ್ಕೆರಡು ಸಲ ಅದನ್ನು ಒರೆಸುವಳು; ಬರಿದಾದ ತೊಟ್ಟಿಲನ್ನು ತೂಗಬಾರದೆಂದು ಹಿರಿಯರು ಗದರಿದರೂ ಯಾರೂ ಇಲ್ಲದಾಗ ಮೆಲ್ಲನೆ ತೂಗಿನೋಡುವಳು. ಹುಟ್ಟಿದ ಗಂಡುಕೂಸು ಉಸಿರಾಡಲಿಲ್ಲ. ಆಸ್ಪತ್ರೆಯಿಂದ ಬರಿಗೈಯಲ್ಲಿ ಬಂದವಳಿಗೆ ಮೊದಲು ಎದುರಾದುದು ಆ ತೊಟ್ಟಿಲು. ತೆಗೆದರೆ ಆಕೆಗೆ ನೋವಾದೀತೆಂದು ಉಳಿದವರು ಸುಮ್ಮನಿದ್ದರು. ತೆಗೆಯಿರೆಂದು ಹೇಳಲು ಆಕೆಗೆ ಬಾಯಿ ಬರಲಿಲ್ಲ. ಹೀಗೆ ಒಂದು ತಿಂಗಳು ಆಕೆಯು ಅದರ ಪಕ್ಕದಲ್ಲಿಯೇ ಹಾದುಹೋದಳು. ಕೊನೆಗೆ ಒಂದು ದಿನ ಯಜಮಾನರೇ ಅದನ್ನು ಅಟ್ಟಕ್ಕೇರಿಸಿದರು. ಏಳು ವರ್ಷಗಳ ಅನಂತರ ಮಗಳು ಹುಟ್ಟಿದಾಗ ಆಕೆಯನ್ನು ಮಲಗಿಸಿದ್ದು ತಾಯಿಯ ಹಳೆಯ ಸೀರೆಯ ಜೋಲಿಯಲ್ಲಿ.

ಮಗಳಿಗೆ ಮೂವತ್ತೆರಡು ವರ್ಷಗಳಾಗಿದ್ದರೂ ತನಗೊಬ್ಬ ಅಣ್ಣನಿದ್ದನೆಂಬುದು ಅಂದೇ ತಿಳಿಯಿತು.

ಕೂಸು ಹುಟ್ಟುವ ಮುನ್ನ ಏನನ್ನೂ ಕೊಳ್ಳಬಾರದೆಂಬ ಮಾತನ್ನು ಎಷ್ಟೋ ಮನೆಗಳಲ್ಲಿ ಶಾಸ್ತ್ರವೆಂದು ಹೇಳುತ್ತಾರೆ. ಓದಿದವರು ಅದನ್ನು ಮೌಢ್ಯವೆಂದು ಕಡೆಗಣಿಸುತ್ತಾರೆ. ಎಷ್ಟೋ ಕೂಸುಗಳು ಉಳಿಯದಿದ್ದ ಕಾಲದಲ್ಲಿ, ಬರಿಯ ತೊಟ್ಟಿಲಿನ ಎದುರಿಗೆ ಕುಳಿತು ದಿನಗಳೆದ ತಾಯಂದಿರು ತಮ್ಮ ಹೆಣ್ಣುಮಕ್ಕಳಿಗೆ ಆ ನೋವು ಬೇಡವೆಂದು ಹೇಳಿಟ್ಟ ಮಾತು ಅದಾಗಿರಬಾರದೇಕೆ? ಹೊಸ ಬಟ್ಟೆಯ ಬದಲು ಹಳೆಯ ಮೆತ್ತನೆಯ ಬಟ್ಟೆಯನ್ನು ಮೊದಲು ಹಾಕುವುದು, ಹನ್ನೆರಡನೆಯ ದಿನದವರೆಗೆ ತೊಟ್ಟಿಲಿಗೆ ಹಾಕದಿರುವುದು, ಇವೆಲ್ಲ ಆಸೆಗೆ ಕಟ್ಟಿದ ಸಣ್ಣ ಸಣ್ಣ ಕಟ್ಟೆಗಳು. ಚರಕನ ವಿಧಿಯು ಕೂಸಿನ ದೇಹಕ್ಕೆ. ಈ ಅಜ್ಜಿಯರ ವಿಧಿಯು ತಾಯಿಯ ಮನಸ್ಸಿಗೆ. ಎರಡಕ್ಕೂ ಎಡೆಮಾಡಿಕೊಡುವುದು ಮನೆಯವರ ವಿವೇಕ.

ಮರುದಿನ ಬೆಳಗಿನಲ್ಲಿ ಮಗಳು ಎದ್ದು ಬರುವಷ್ಟರಲ್ಲಿ ತಾಯಿಯು ನೆಲದ ಮೇಲೆ ಕುಳಿತು ಒದ್ದೆಯ ಬಟ್ಟೆಯಿಂದ ತೊಟ್ಟಿಲಿನ ಧೂಳನ್ನು ಒರೆಸುತ್ತಿದ್ದಳು. ಮಗಳು ಪಕ್ಕದಲ್ಲಿ ಕುಳಿತಳು. ಬಹಳ ಹೊತ್ತು ಇಬ್ಬರೂ ಮಾತಾಡಲಿಲ್ಲ. ಬಳಿಕ ತಾಯಿಯೇ ಹೇಳಿದಳು: "ಇದರ ಕೀಲು ಸಡಲ್ಯಾವ. ಕಲಘಟಗಿಗೆ ಒಯ್ಯಲಿ, ಅವರು ಸರಿ ಮಾಡಲಿ. ಆದರ ಅಲ್ಲೇ ಇರಲಿ. ಕೂಸು ಬಂದ ಮ್ಯಾಲೆ ಇದೂ ಬರಲಿ."

ಹಾಗೆಯೇ ಆಯಿತು. ಅಳಿಯನು ಅಳತೆಪಟ್ಟಿಯಿಂದ ಕಂಬಿಗಳ ನಡುವಣ ಎಡೆಯನ್ನು ಅಳೆದನು. ಕೂಸಿನ ಮೈ ನುಸುಳಿ ತಲೆಯು ಸಿಕ್ಕದಂತೆ ಆ ಎಡೆಯು ಆರು ಸೆಂಟಿಮೀಟರಿಗೆ ಮೀರಿರಬಾರದೆಂದು ಅಮೆರಿಕೆಯ ನಿಯಮ. ಚಿತ್ರಗಾರನ ಕೈ ಆ ನಿಯಮವನ್ನು ಓದದೆಯೇ ಪಾಲಿಸಿತ್ತು. ಬಣ್ಣ ಹಚ್ಚುವುದಾದರೆ ಅರಗಿನದನ್ನೇ ಹಚ್ಚಬೇಕು, ಡಬ್ಬಿಯ ಎಣ್ಣೆಬಣ್ಣ ಬೇಡ ಎಂದು ಹೇಳಿಕಳಿಸಿದರು. ಬಣ್ಣಗಳಲ್ಲಿ ಸೀಸವು ಹತ್ತು ಲಕ್ಷಕ್ಕೆ ೯೦ ಭಾಗವನ್ನು ಮೀರಬಾರದೆಂಬ ನಿಯಮವು ಭಾರತದಲ್ಲಿ ೨೦೧೭ರಿಂದ ಜಾರಿಯಲ್ಲಿದೆ. ಕೂಸು ಮಾತ್ರ ನಿಯಮವನ್ನು ಅರಿಯದೆ ತೊಟ್ಟಿಲಿನ ಅಂಚನ್ನು ಚೀಪುವುದು. ತಾಯಿಯು ಹಾಸಲೆಂದಿದ್ದ ದಪ್ಪನೆಯ ಕೌದಿಯನ್ನು ಮಗಳು ಮೆಲ್ಲನೆ ಬೇಡವೆಂದಳು: ಎಳೆಗೂಸನ್ನು ಗಟ್ಟಿಯಾದ ಸಮತಟ್ಟು ಹಾಸಿನ ಮೇಲೆ ಅಂಗಾತ ಮಲಗಿಸಬೇಕು, ತಲೆದಿಂಬು, ಸಡಿಲ ಹೊದಿಕೆ, ಮೆತ್ತನೆಯ ಗೊಂಬೆ ಯಾವುದೂ ಹತ್ತಿರ ಇರಬಾರದು, ಕೈಯೂರಿ ಏಳುವ ವಯಸ್ಸಾದೊಡನೆ ತೊಟ್ಟಿಲನ್ನೂ ಬಿಡಿಸಬೇಕು ಎಂದು ವೈದ್ಯರು ಹೇಳುತ್ತಾರೆ. ತಾಯಿಯು ಒಪ್ಪಿ, ಕೌದಿಯನ್ನು ಬಾಣಂತಿಯ ಕಾಲಿಗೆಂದು ತೆಗೆದಿರಿಸಿದಳು.

ಉಳಿದುದು ಮೋಟಾರಿನ ಪೀಠ. ಅದು ಕೂಸು ಬಂದ ಮೇಲೆ ಎಂದರೆ ಆಗದು. ಆಸ್ಪತ್ರೆಯಿಂದ ಮನೆಗೆ ಬರುವ ಮೊದಲನೆಯ ಪ್ರಯಾಣಕ್ಕೇ ಅದು ಬೇಕು. ಗಾಡಿಯು ಹಠಾತ್ತನೆ ನಿಂತರೆ ಎಂತಹ ಗಟ್ಟಿ ತೋಳೂ ಕೂಸನ್ನು ಹಿಡಿದಿಡಲಾರದು. ಎಳೆಗೂಸಿನ ತಲೆ ಭಾರ, ಕತ್ತು ಬಲಹೀನ. ಆದುದರಿಂದ ಪೀಠವನ್ನು ಹಿಂದಣ ಸೀಟಿನಲ್ಲಿ, ಹಿಮ್ಮುಖವಾಗಿ ಬಿಗಿಯಬೇಕು. ಹದಿನಾಲ್ಕು ವರ್ಷ ತುಂಬದವರನ್ನು ಪಟ್ಟಿಯನ್ನೋ ಇಂತಹ ಸಾಧನವನ್ನೋ ಬಿಗಿಯದೆ ಒಯ್ದರೆ ಸಾವಿರ ರೂಪಾಯಿ ದಂಡವೆಂದು ೨೦೧೯ರ ತಿದ್ದುಪಡಿಯು ವಿಧಿಸಿದೆ. ಇದನ್ನು ಅತ್ತೆಗೆ ಹೇಗೆ ಹೇಳುವುದೆಂದು ಅಳಿಯನು ಅಂಜುತ್ತಿರುವಾಗ ಆಕೆಯೇ ತೀರ್ಪುಕೊಟ್ಟಳು: "ಅದು ಮೋಟಾರಿನ ಸಾಮಾನಲ್ಲೇನ್ರಿ? ಮೋಟಾರಿನ್ಯಾಗ ಇರಲಿ. ಮನಿಯೊಳಗ ತರಬ್ಯಾಡ್ರಿ." ಮೀಮಾಂಸಕರೂ ಇದಕ್ಕಿಂತ ಸೂಕ್ಷ್ಮವಾಗಿ ವಿಧಿಯನ್ನು ವಿಂಗಡಿಸಲಾರರು.

ವೈದ್ಯರು ಕೊಟ್ಟ ದಿನಕ್ಕಿಂತ ಒಂಬತ್ತು ದಿನ ಮೊದಲೇ ಅತಿಥಿಯು ಬಂದಿತು, ಹೆಣ್ಣುಕೂಸು. ಹನ್ನೊಂದನೆಯ ದಿನದ ಸಂಜೆ ಕಲಘಟಗಿಯಿಂದ ತೊಟ್ಟಿಲು ಬಂದಿತು. ಮರುದಿನ ನೆರೆಹೊರೆಯ ಮುತ್ತೈದೆಯರು ಕೂಡಿ, ಸಂಪ್ರದಾಯದಂತೆ ಮೊದಲು ಗುಂಡುಕಲ್ಲಿಗೆ ಬಟ್ಟೆ ಸುತ್ತಿ ತೊಟ್ಟಿಲಿನಲ್ಲಿ ಮಲಗಿಸಿದರು. ಕೀಲು ಅಲುಗಲಿಲ್ಲ. ಬಳಿಕ ಕೂಸನ್ನು ಅಜ್ಜಿಯ ಕೈಗೆ ಕೊಟ್ಟರು. ಆಕೆಯು ಒಂದು ಗಳಿಗೆ ತಡೆದಳು, ಹಾಡುತ್ತಿದ್ದವರೂ ತಡೆದರು. ಅನಂತರ ಬಾಗಿ ಕೂಸನ್ನು ಮಲಗಿಸಿ, ಮೂವತ್ತೊಂಬತ್ತು ವರ್ಷ ಬರಿದಾಗಿದ್ದ ತೊಟ್ಟಿಲನ್ನು ತೂಗಿದಳು.

ಊಟವಾಗಿ ನೆಂಟರು ಹೊರಟ ಮೇಲೆ ಆಕೆಯು ಪಡಸಾಲೆಯ ಮೂಲೆಗೆ ಹೋಗಿ ಪೆಟ್ಟಿಗೆಯ ಮೇಲಿನ ಜಮಖಾನೆಯನ್ನು ತಾನೇ ಸರಿಸಿ, ಅಳಿಯನನ್ನು ಕರೆದಳು: "ಆ ಗಾಡಿ ಹೆಂಗ ಬಿಚ್ಚತಾರ, ತೋರಸ್ರಿ."